ಎಕ್ಕದ ಜೊತೆ ಏಳು ಬಂದಾಗ ಎಲ್ಲ ಚಿಪ್ಸ್ ದೂಡಬೇಕಿತ್ತೇ?

ಪ್ರಶ್ನೆ: ನಾನು ಮಂಡ್ಯದವನು, ವಯಸ್ಸು 31. ನಾವು ಎಂಟು ಜನ ಗೆಳೆಯರು ತಿಂಗಳಿಗೆ ಎರಡು ಶನಿವಾರ ಗುತ್ತಲಿನಲ್ಲಿ ಒಬ್ಬರ ಮನೆ ಮಹಡಿ ಮೇಲೆ ಸೇರಿ ಟೆಕ್ಸಸ್ ಹೋಲ್ಡೆಮ್ ಪೋಕರ್ ಟೂರ್ನಿ ಆಡುತ್ತೇವೆ (ಒಬ್ಬೊಬ್ಬರ ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು ಎಲೆ). ಹಣ ಕಟ್ಟುವುದಿಲ್ಲ. ಗೆದ್ದವರಿಗೆ 10 ಅಂಕ, ಎರಡನೆಯವರಿಗೆ 6, ಮೂರನೆಯವರಿಗೆ 3. ವರ್ಷದ ಕೊನೆಗೆ ಹೆಚ್ಚು ಅಂಕ ಇದ್ದವರಿಗೆ ಒಂದು ಕಪ್. ತಲಾ 5,000 ಚಿಪ್ಸ್‌ನಿಂದ ಶುರು ಮಾಡುತ್ತೇವೆ. ಹೋದ ಸಲ ಐದು ಜನ ಉಳಿದಾಗ ನನ್ನ ಹತ್ತಿರ 4,800 ಇತ್ತು, ಬ್ಲೈಂಡ್, ಅಂದರೆ ಪ್ರತಿ ಕೈಯಲ್ಲೂ ಸರದಿಯಂತೆ ಇಬ್ಬರು ಎಲೆ ನೋಡುವ ಮುಂಚೆ ಕಟ್ಟಲೇಬೇಕಾದ ಚಿಪ್ಸ್, 300-600. ನಾನು ಬಟನ್‌ನಲ್ಲಿದ್ದೆ, ಅಂದರೆ ನನ್ನ ನಂತರ ಆಡಲು ಬ್ಲೈಂಡ್ ಕಟ್ಟಿದ ಇಬ್ಬರೇ ಬಾಕಿ; ನನಗಿಂತ ಮುಂಚಿನ ಇಬ್ಬರೂ ಎಲೆ ಬಿಟ್ಟು ಪ್ಯಾಕ್ ಆದರು. ನನಗೆ ಎಕ್ಕ-ಏಳು ಬಂತು, ಬೇರೆ ಬೇರೆ ಜಾತಿ. ನಮ್ಮಲ್ಲಿ ಹಿರಿಯರೊಬ್ಬರು, ನಾವೆಲ್ಲ ಅಣ್ಣ ಅಂತೀವಿ, ‘ಎಕ್ಕದ ಜೊತೆ ಸಣ್ಣೆಲೆ ಇದ್ರೆ ಕೈ ಹಾಕ್ಬ್ಯಾಡ ಕಣ್ಲಾ, ಒಳ್ಳೆ ಎಲೆ ಬರೋವರ್ಗೂ ಕಾದ್ಕೊಂಡು ಕೂತ್ಕೊ’ ಅಂತ ಯಾವಾಗಲೂ ಹೇಳುತ್ತಾರೆ. ಹಾಗಾಗಿ ಪ್ಯಾಕ್ ಆದೆ. ಆಮೇಲೆ ಹತ್ತು ಕೈ ಆದರೂ ಒಂದು ಜೋಡಿ ಬರಲಿಲ್ಲ. ಎರಡು ಸುತ್ತು ಬ್ಲೈಂಡ್ ಕಟ್ಟಿ 3,000ಕ್ಕೆ ಇಳಿದೆ, ಅಷ್ಟರಲ್ಲಿ ಬ್ಲೈಂಡ್ 400-800 ಆಗಿತ್ತು. ಆಗ ರಾಜ-ಹತ್ತು ಬಂತು. ನನಗಿಂತ ಮೊದಲು ಆಡಬೇಕಿದ್ದವರು, ತುಂಬ ನೋಡಿ ಆಡುವವರು, ಆಲ್ ಇನ್ ಅಂತ ಇದ್ದ ಚಿಪ್ಸ್ ಎಲ್ಲ ದೂಡಿದರು. ಇನ್ನೇನು ಉಳಿದಿದೆ ಅಂತ ನಾನೂ ನನ್ನದೆಲ್ಲ ಹಾಕಿ ಕಾಲ್ ಮಾಡಿದೆ. ಅವರದು ಎಕ್ಕ-ರಾಜ. ಔಟಾದೆ. ನಾನು ಎಲ್ಲಿ ತಪ್ಪಿದೆ? ಇಂಥ ಅರೆಬರೆ ಎಲೆಗೆ ಆಲ್ ಇನ್ ಯಾವಾಗ ಹೋಗಬೇಕು? ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆಗೆ) ಒಂದೇ ಎಲೆ ಬೇಕಿದ್ದಾಗ ಹೋಗಬಹುದಾ? ಮೊಬೈಲ್‌ನಲ್ಲಿ ಹಣ ಇಟ್ಟು ಆಡಿದರೆ ಬೇಗ ಕಲಿಯಬಹುದು ಅಂತ ಒಬ್ಬ ಗೆಳೆಯ ಹೇಳುತ್ತಾನೆ. ಅದು ನಿಜವಾ?

ಉತ್ತರ: ಎಕ್ಕ-ಏಳರಲ್ಲಿ ದೂಡಬೇಕಿತ್ತು, ರಾಜ-ಹತ್ತರಲ್ಲಿ ಬಿಡಬೇಕಿತ್ತು. ನೀವು ಎರಡನ್ನೂ ತಿರುವುಮುರುವು ಮಾಡಿದ್ದೀರಿ.

ಇದು ನಿಮ್ಮೊಬ್ಬರದೇ ತಪ್ಪಲ್ಲ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತನಾದ ಮೇಲೆ ಟೂರ್ನಿ ಆಡುವ ಹುಡುಗರಿಗೆ ಇದರ ಲೆಕ್ಕ ಹೇಳಿಕೊಡುತ್ತಾ ಬಂದಿದ್ದೇನೆ. ಹೊಸಬರು ಬರೆದುಕೊಂಡು ತಂದು ತೋರಿಸುವ ಕೈಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ತಾವೇ ಮೊದಲು ಹೋಗಬಹುದಾದ ಕಡೆ ಹೆದರಿ ಬಿಟ್ಟಿರುತ್ತಾರೆ, ಬೇರೆಯವರು ಹೋದಮೇಲೆ ಅವರ ಹಿಂದೆ ಬಿದ್ದಿರುತ್ತಾರೆ. ಎಲೆ ಒಳ್ಳೆಯದೋ ಕೆಟ್ಟದ್ದೋ ಅಂತ ನೋಡುವುದರಲ್ಲೇ ಮುಳುಗಿರುತ್ತಾರೆ, ಚಿಪ್ಸ್ ಮೊದಲು ಯಾರು ದೂಡಿದರು ಅನ್ನುವುದು ಕಣ್ಣಿಗೇ ಬೀಳುವುದಿಲ್ಲ.

ನೀವೇ ಮೊದಲು ದೂಡಿದರೆ ಗೆಲ್ಲಲು ಎರಡು ದಾರಿ ಇವೆ. ಎದುರಿನವರೆಲ್ಲ ಪ್ಯಾಕ್ ಆದರೆ ಎಲೆ ತೋರಿಸದೆಯೇ ಬ್ಲೈಂಡ್ ನಿಮ್ಮದು. ಯಾರಾದರೂ ಕಾಲ್ ಮಾಡಿದರೂ ಎಲೆ ಬಿದ್ದರೆ ಗೆಲ್ಲುತ್ತೀರಿ. ಕಾಲ್ ಮಾಡಿದವರಿಗೆ ಈ ಎರಡನೆಯ ದಾರಿ ಒಂದೇ. ಅದಕ್ಕೇ ದೂಡಲು ಸಾಕಾಗುವ ಎಲೆ ಕಾಲ್ ಮಾಡಲು ಸಾಲುವುದಿಲ್ಲ.

ನಿಮ್ಮ ಎಕ್ಕ-ಏಳನ್ನೇ ಕಾಗದದ ಮೇಲೆ ಹಾಕೋಣ. ನಿಮ್ಮ ಹಿಂದೆ ಉಳಿದವರು ಇಬ್ಬರು, ಸಣ್ಣ ಬ್ಲೈಂಡ್ ಮತ್ತು ದೊಡ್ಡ ಬ್ಲೈಂಡ್. ಇಬ್ಬರ ಹತ್ತಿರವೂ ನಿಮಗಿಂತ ಹೆಚ್ಚು ಚಿಪ್ಸ್ ಇದೆ ಅಂತಿಟ್ಟುಕೊಳ್ಳಿ. ಪ್ರತಿಯೊಬ್ಬರೂ ತಮಗೆ ಬರುವ ನೂರು ಕೈಯಲ್ಲಿ ಒಳ್ಳೆಯ 20ಕ್ಕೆ ಕಾಲ್ ಮಾಡಿ 80 ಬಿಡುತ್ತಾರೆ ಅಂದುಕೊಂಡರೆ, ಇಬ್ಬರೂ ಬಿಡುವ ಸಂಭವ 0.8 ಗುಣಿಸು 0.8, ಅಂದರೆ 64%. ಆಗ 900 ಚಿಪ್ಸ್ ನಿಮಗೆ ಸುಮ್ಮನೆ ಬರುತ್ತದೆ. ಉಳಿದ 36% ಸಲ ಕಾಲ್ ಬೀಳುತ್ತದೆ. ಆಗ ನಿಮ್ಮ ಎಲೆ ಹಿಂದೆ ಇರುತ್ತದೆ, ಕೈ ಬಿಗಿ ಹಿಡಿದು 40% ಗೆಲ್ಲುತ್ತೀರಿ ಅನ್ನೋಣ. ಪಾಟ್, ಅಂದರೆ ಮಧ್ಯೆ ಸೇರಿದ ಚಿಪ್ಸ್, ಸುಮಾರು 10,000, ಅದರಲ್ಲಿ ನಿಮ್ಮ ಪಾಲು 4,000. ಇಟ್ಟಿದ್ದು 4,800. ಸರಾಸರಿ ನಷ್ಟ 800. ಎರಡನ್ನೂ ಕೂಡಿಸಿ: 900ರ 64% ಅಂದರೆ 576 ಲಾಭ, 800ರ 36% ಅಂದರೆ 288 ನಷ್ಟ. ಕೊನೆಗೆ 288 ಚಿಪ್ಸ್ ನಿಮ್ಮ ಕಡೆಗೇ ವಾಲುತ್ತದೆ. ಪ್ಯಾಕ್ ಆದರೆ ಸಿಗುವುದು ಸೊನ್ನೆ. ಕಾಲ್ ಮಾಡಿದವನ ಎದುರು ಸೋಲುವ ಎಲೆಯೇ ಆದರೂ ದೂಡಿದ್ದರಿಂದ ಲಾಭ ಬಂತು, ಆ ಲಾಭವೆಲ್ಲ ಎದುರಿನವರು ಬಿಟ್ಟ ಕಡೆಯಿಂದ ಬಂದದ್ದು.

ಅಪಾಯವನ್ನೂ ಹೇಳಬೇಕು. 36ರಲ್ಲಿ 60% ಸೋತರೆ ಸುಮಾರು 22% ಆಯಿತು. ಹೆಚ್ಚುಕಡಿಮೆ ಐದು ಸಲಕ್ಕೆ ಒಂದು ಸಲ ಅಲ್ಲೇ ಔಟಾಗಿ, ಉಳಿದವರು ಆಡುವುದನ್ನು ನೋಡುತ್ತಾ ಕೂರಬೇಕಾಗುತ್ತದೆ. ಅದನ್ನು ಒಪ್ಪಿಕೊಂಡೇ ದೂಡಬೇಕು.

ಈಗ ಅದೇ ಎಕ್ಕ-ಏಳನ್ನು ದೊಡ್ಡ ಬ್ಲೈಂಡ್‌ನಲ್ಲಿ ಕೂತವರ ಕೈಗೆ ಕೊಡಿ. ಎಲ್ಲರಿಗಿಂತ ಮೊದಲು ಆಡಬೇಕಾದ, ಒಳ್ಳೆ ಎಲೆಗೆ ಮಾತ್ರ ಕೈ ಹಾಕುವ ಬಿಗಿ ಆಟಗಾರ 4,800 ದೂಡಿದ್ದಾನೆ. ಇವರು ಆಗಲೇ 600 ಇಟ್ಟಿದ್ದಾರೆ, ಇನ್ನು 4,200 ಹಾಕಬೇಕು, ಪಾಟ್ ಒಟ್ಟು 9,900 ಆಗುತ್ತದೆ. ಹಾಕಿದ್ದು ಹಿಂದಕ್ಕೆ ಬರಬೇಕಾದರೆ 42% ಗೆಲ್ಲಬೇಕು. ಅಂಥ ಆಟಗಾರ ಅಂಥ ಜಾಗದಿಂದ ಏಳರ ಜೋಡಿಯಿಂದ ಮೇಲಿನದ್ದು, ಎಕ್ಕ-ಹತ್ತರಿಂದ ಮೇಲಿನದ್ದು, ರಾಜ-ರಾಣಿ, ಇಷ್ಟರಲ್ಲೇ ದೂಡುತ್ತಾನೆ. ಅದರ ಎದುರು ಎಕ್ಕ-ಏಳು ಗೆಲ್ಲುವುದು ಮೂರು ಸಲಕ್ಕೆ ಒಂದು ಸಲ. ಬಿಡಬೇಕು. ಎಲೆ ಅದೇ, ಚಿಪ್ಸ್ ಅಷ್ಟೇ, ಕೂತ ಜಾಗ ಬೇರೆಯಾದದ್ದಕ್ಕೆ ಉತ್ತರ ಉಲ್ಟಾ ಆಯಿತು.

ನಿಮ್ಮ ಅಣ್ಣನ ಮಾತಿಗೆ ಬರುತ್ತೇನೆ. ಅದರಲ್ಲಿ ಅರ್ಧ ನಿಜ ಇದೆ. ಕಾಲ್ ಬಿದ್ದಮೇಲೆ ಎಕ್ಕದ ಜೊತೆಗಿನ ಸಣ್ಣೆಲೆ ನಿಜವಾಗಿಯೂ ಕಾಟ ಕೊಡುತ್ತದೆ. ಎದುರಿನವನ ಹತ್ತಿರ ಎಕ್ಕ-ರಾಜ ಇದ್ದರೆ ನಿಮ್ಮ ಎಕ್ಕ ಬಿದ್ದರೂ ಪ್ರಯೋಜನವಿಲ್ಲ, ಏಳು ಬೀಳುವುದನ್ನೇ ಕಾಯಬೇಕು. ಇಂಥ ಜಗಳದಲ್ಲಿ ಗೆಲುವು ನಾಲ್ಕರಲ್ಲಿ ಒಂದರ ಆಸುಪಾಸು. ಇದಕ್ಕೆ ಹೋಲಿಸಿದರೆ ಒಂದೇ ಜಾತಿಯ ಎಂಟು-ಏಳು ಅದೇ ಎಕ್ಕ-ರಾಜದ ಎದುರು ಹತ್ತರಲ್ಲಿ ನಾಲ್ಕು ಸಲ ಗೆಲ್ಲುತ್ತದೆ, ಏಕೆಂದರೆ ಅದರ ಎರಡೂ ಎಲೆ ಬದುಕಿರುತ್ತವೆ. ಸಣ್ಣ ಜೋಡಿ ಎರಡು ದೊಡ್ಡ ಎಲೆಗಳ ಎದುರು ಅರ್ಧಕ್ಕಿಂತ ಚೂರು ಮುಂದೆ. ಜೋಡಿಗೆ ಮೇಲು ಜೋಡಿ ಸಿಕ್ಕರೆ 80-20, ಅಲ್ಲಿಗೆ ಮುಗಿಯಿತು. ಒಂದೇ ಜಾತಿ ಅಂತ ಸುಮಾರು ಎಲೆಗೆಲ್ಲ ಮರುಳಾಗುವವರಿದ್ದಾರೆ, ಅದರಿಂದ ಸಿಗುವುದು ಎರಡು ಮೂರು ಶೇಕಡಾ ಮಾತ್ರ.

ಆದರೆ ಕಾಲ್ ಬೀಳುವ ಮುಂಚೆ ಎಕ್ಕ ಮಾಡುವ ಉಪಕಾರವನ್ನು ಅಣ್ಣ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಒಂದು ಎಕ್ಕ ನಿಮ್ಮ ಕೈಯಲ್ಲಿದ್ದರೆ ಎದುರಿನವನಿಗೆ ಎಕ್ಕದ ಜೋಡಿ ಬರುವ ಬಗೆಗಳು ಆರರಿಂದ ಮೂರಕ್ಕೆ ಇಳಿಯುತ್ತವೆ. ಎಕ್ಕ-ರಾಜ ಬರುವ ಬಗೆಗಳು 16ರಿಂದ 12ಕ್ಕೆ. ನೀವು ಯಾವ ಎಲೆಗೆ ಹೆದರುತ್ತೀರೋ ಅದರಲ್ಲಿ ಒಂದು ಪಾಲು ನಿಮ್ಮ ಕೈಯಲ್ಲೇ ಇದೆ.

ಇನ್ನು ‘ಕಾದ್ಕೊಂಡು ಕೂತ್ಕೊ’ ಅನ್ನುವುದು. ನನಗೆ ಸಂಕಟವಾಗುವುದು ಈ ಮಾತಿಗೆ, ಏಕೆಂದರೆ ಕೇಳಲು ಇದು ವಿವೇಕದಂತೆ ಇರುತ್ತದೆ. ಯಾವುದಾದರೂ ಜೋಡಿ ಬರುವುದು 17 ಕೈಗೆ ಒಂದು. ಹತ್ತು ಕೈಯಲ್ಲಿ ಒಂದು ಜೋಡಿಯೂ ಬರಲಿಲ್ಲ ಅಂತ ನೊಂದುಕೊಂಡಿದ್ದೀರಿ. ಅದು ದುರದೃಷ್ಟವಲ್ಲ, ಅರ್ಧಕ್ಕಿಂತ ಹೆಚ್ಚು ಸಲ, ಸುಮಾರು 55%, ಹಾಗೇ ಆಗುತ್ತದೆ. ಅಣ್ಣ ಹೇಳುವ ‘ಒಳ್ಳೆ ಎಲೆ’ ಅಂದರೆ ಹತ್ತರ ಜೋಡಿಯಿಂದ ಮೇಲಿನದ್ದು ಅಥವಾ ಎಕ್ಕ-ರಾಜ ಅಂತಿಟ್ಟುಕೊಂಡರೆ, ಬರಬಹುದಾದ 1,326 ಬಗೆಯಲ್ಲಿ ಅಂಥವು 46. ಅಂದರೆ 29 ಕೈಗೆ ಒಂದು. ಐದು ಜನ ಆಡುವಾಗ 29 ಕೈ ಅಂದರೆ ಹತ್ತಿರ ಹತ್ತಿರ ಆರು ಸುತ್ತು. ಸುತ್ತಿಗೆ 900ರಂತೆ ಆರು ಸುತ್ತಿಗೆ 5,400. ನಿಮ್ಮ ಹತ್ತಿರ ಇದ್ದದ್ದು 4,800. ಬ್ಲೈಂಡ್ ಏರದೇ ಇದ್ದರೂ, ಆ ಎಲೆ ಬರುವ ಹೊತ್ತಿಗೆ ಸರಾಸರಿಯಲ್ಲಿ ನೀವು ಮೇಜಿನಲ್ಲೇ ಇರುವುದಿಲ್ಲ.

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಿದ ಕಬ್ಬು ಟ್ರ್ಯಾಕ್ಟರ್ ಮೇಲೆ ಕಾರ್ಖಾನೆ ಗೇಟಿನ ಮುಂದೆ ನಿಂತಷ್ಟೂ ಒಣಗಿ ತೂಕ ಇಳಿಯುತ್ತದೆ. ಎಂಟು ಬ್ಲೈಂಡ್‌ನ ಚಿಪ್ಸ್ (ದೊಡ್ಡ ಬ್ಲೈಂಡ್ 600, ಅದರ ಎಂಟರಷ್ಟು ನಿಮ್ಮ 4,800) ಕಡಿದ ಕಬ್ಬು ಇದ್ದ ಹಾಗೆ.

ಇಳಿಯುವುದು ಎಣಿಕೆ ಒಂದೇ ಅಲ್ಲ, ಅದಕ್ಕಿರುವ ಬೆಲೆಯೂ. 4,800 ದೂಡಿದಾಗ ದೊಡ್ಡ ಬ್ಲೈಂಡ್‌ನವರಿಗೆ ಕಾಲ್ ಮಾಡಲು 42% ಬೇಕಿತ್ತು ಅಂದೆನಲ್ಲ, ಅದನ್ನು ಎರಡು ಸುತ್ತಿನ ನಂತರದ 3,000ಕ್ಕೆ ಹಾಕಿ ನೋಡಿ. ಬ್ಲೈಂಡ್ 400-800. ಅವರು 800 ಇಟ್ಟಾಗಿದೆ, ಇನ್ನು 2,200 ಹಾಕಿದರೆ 6,400ರ ಪಾಟ್. 34% ಸಾಕು. ಎರಡು ಚಿಕ್ಕ ಎಲೆಗಳಿಗೂ ಎರಡು ದೊಡ್ಡ ಎಲೆಗಳ ಎದುರು 35-37% ಇರುತ್ತದೆ. ಅಂದರೆ ಅವರು ಹೆಚ್ಚಿನ ಎಲೆಗೆ ಕಣ್ಣು ಮುಚ್ಚಿ ಕಾಲ್ ಮಾಡಬಹುದು, ಅದು ತಪ್ಪೂ ಅಲ್ಲ. ಎಂಟು ಬ್ಲೈಂಡ್ ಇದ್ದಾಗ ಎದುರಿನವರು ಎರಡು ಬೆರಳಲ್ಲಿ ಎಲೆಯ ಮೂಲೆ ಎತ್ತಿ, ಇನ್ನೊಂದು ಸಲ ನೋಡಿ, ನಿಮ್ಮ ಚಿಪ್ಸ್ ಕಡೆ ಕಣ್ಣು ಹಾಯಿಸಿ ಬಿಡುತ್ತಿದ್ದರು. ನಾಲ್ಕಕ್ಕಿಂತ ಕೆಳಗಿಳಿದಾಗ ಎಲೆ ಪೂರ್ತಿ ನೋಡುವ ಮೊದಲೇ ಅವರ ಕೈ ಚಿಪ್ಸ್ ಮೇಲಿರುತ್ತದೆ. ಗೆಲ್ಲುವ ಎರಡು ದಾರಿಯಲ್ಲಿ ಒಂದು ಮುಚ್ಚಿಹೋಯಿತು. ಅಲ್ಲಿ ಗೆದ್ದು 6,400 ಮಾಡಿಕೊಂಡರೂ ಅದು ಎಂಟು ಬ್ಲೈಂಡ್, ಎರಡು ಸುತ್ತಿನ ಹಿಂದೆ ನೀವು ಇದ್ದ ಜಾಗ.

ಹಾಗಾಗಿ ನಾನು ಹುಡುಗರಿಗೆ ಹೇಳುವುದು ಹೀಗೆ. ಹತ್ತು ಬ್ಲೈಂಡ್ ಹತ್ತಿರ ಬಂದಾಗಲೇ ಎಚ್ಚರವಾಗಿ. ಯಾರೂ ಇನ್ನೂ ಕೈ ಹಾಕಿಲ್ಲ, ಹಿಂದೆ ಉಳಿದಿರುವವರು ಒಬ್ಬರೋ ಇಬ್ಬರೋ ಅಂದರೆ ಯಾವುದೇ ಎಕ್ಕ, ಯಾವುದೇ ಜೋಡಿ, ಎರಡು ಚಿತ್ರದೆಲೆಗಳಿಗೆ ದೂಡಿ. ಹಿಂದೆ ನಾಲ್ಕು ಜನ ಇದ್ದರೆ ಅರ್ಧಕ್ಕರ್ಧ ಬಿಗಿ ಮಾಡಿ, ಏಕೆಂದರೆ ಆ ನಾಲ್ವರಲ್ಲಿ ಯಾರಿಗಾದರೂ ಎಲೆ ಬಂದಿರುವ ಸಂಭವ ಬೇಗ ಏರುತ್ತದೆ. ಆರು ಬ್ಲೈಂಡ್‌ಗಿಂತ ಕೆಳಗೆ ಇಳಿಯಲು ಬಿಡಬೇಡಿ.

ಎದುರಿನವರು ಯಾರು ಅನ್ನುವುದೂ ಮುಖ್ಯ. ‘ಏನಿದ್ರೂ ನೋಡೇಬಿಡ್ತೀನಿ’ ಅನ್ನುವ ಒಬ್ಬರು ಎಲ್ಲ ಮನೆ ಆಟದಲ್ಲೂ ಇರುತ್ತಾರೆ. ಅವರು ದೊಡ್ಡ ಬ್ಲೈಂಡ್‌ನಲ್ಲಿದ್ದರೆ ಬಿಡುತ್ತಾರೆ ಅನ್ನುವ ಲೆಕ್ಕ ಹೊಡೆದುಹಾಕಿ. ಅವರ ಎದುರು ಎಂಟು-ಏಳರಂಥ ಚಂದದ ಎಲೆ ಬೇಡ. ಎಕ್ಕ-ಏಳು ಆಗ ಇನ್ನೂ ಒಳ್ಳೆಯದು: ಯಾವುದೋ ಎರಡು ಎಲೆಯ ಎದುರು ಅದು ಸುಮಾರು 59% ಗೆಲ್ಲುತ್ತದೆ.

ಆ ರಾಜ-ಹತ್ತರ ಕೈಗೆ ಬರೋಣ. 3,000 ಹಾಕಿದರೆ 7,200ರ ಪಾಟ್, ಬೇಕಾದದ್ದು 42%ರ ಹತ್ತಿರ. ನೋಡಿ ಆಡುವ ಆ ಮನುಷ್ಯ ದೂಡುವ ಎಲೆಗಳ ಎದುರು ನಿಮಗಿದ್ದದ್ದು ಮೂರರಲ್ಲಿ ಒಂದು. ನೀವು ಗಮನಿಸದ ಇನ್ನೊಂದು ಸಂಗತಿ ಇದೆ: ನೀವು ಬಟನ್‌ನ ಹಿಂದಿನ ಜಾಗದಲ್ಲಿದ್ದಿರಿ. ಅದನ್ನು ಬಿಟ್ಟಿದ್ದರೆ ಮುಂದಿನ ಕೈಯಲ್ಲಿ ಎಲ್ಲರಿಗಿಂತ ಮೊದಲು ಮಾತಾಡುವ ಸರದಿ ನಿಮ್ಮದೇ ಆಗುತ್ತಿತ್ತು, ಬ್ಲೈಂಡ್ ಕಟ್ಟುವುದು ಅದರ ನಂತರ. ಅಂದರೆ ಒಂದು ಪೈಸೆ ಖರ್ಚಿಲ್ಲದೆ ಇನ್ನೊಂದು ಕೈ, ಅದೂ ನೀವೇ ಮೊದಲು ದೂಡಬಹುದಾದ ಕೈ, ಕಾದಿತ್ತು. ಪತ್ರದಲ್ಲಿ ‘ಇನ್ನೇನು ಉಳಿದಿದೆ ಅಂತ’ ಎಂದು ಬರೆದಿದ್ದೀರಲ್ಲ, ಉಳಿದದ್ದು ಅದು. ಚಿಪ್ಸ್ ಕಡಿಮೆಯಾದಾಗ ಬರುವ ಬೇಸರ ಧೈರ್ಯದ ಹಾಗೇ ಕಾಣುತ್ತದೆ, ನಾನೂ ಅದಕ್ಕೆ ಎಷ್ಟೋ ಸಲ ಸಿಕ್ಕಿಬಿದ್ದಿದ್ದೇನೆ.

ನಿಮ್ಮ ಟೂರ್ನಿಗೇ ಸೇರಿದ ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನಿಮ್ಮಲ್ಲಿ ಅಂಕ ಸಿಗುವುದು ಮೂವರಿಗೆ. ನಾಲ್ವರು ಉಳಿದಿದ್ದೀರಿ, ಎಲ್ಲರ ಹತ್ತಿರ ಸಮ ಸಮ 10,000 ಇದೆ ಅಂತಿಟ್ಟುಕೊಳ್ಳಿ. ಒಟ್ಟು ಅಂಕ 19, ಒಬ್ಬೊಬ್ಬರ ಪಾಲಿಗೆ 4.75. ನೀವು ಆಲ್ ಇನ್ ಕಾಲ್ ಮಾಡಿ ಗೆದ್ದರೆ 20,000 ಆಗುತ್ತದೆ, ಒಬ್ಬರು ಹೊರಗೆ. ಆಗ ನೀವು ಮೊದಲಾಗುವ ಸಂಭವ ಅರ್ಧ, ಎರಡನೆಯವರಾಗುವುದು ಮೂರನೇ ಒಂದು, ಮೂರನೆಯವರಾಗುವುದು ಆರನೇ ಒಂದು. ಅಂಕಕ್ಕೆ ಇಳಿಸಿದರೆ 5, 2, ಅರ್ಧ; ಕೂಡಿದರೆ 7.5. ಚಿಪ್ಸ್ ಎರಡರಷ್ಟಾದರೂ ಅಂಕದ ಬೆಲೆ 4.75ರಿಂದ 9.5ಕ್ಕೆ ಏರಲಿಲ್ಲ, 7.5ಕ್ಕೆ ನಿಂತಿತು. ಸೋತರೆ ಮಾತ್ರ ಪೂರ್ತಿ 4.75 ಹೋಗುತ್ತದೆ. ಬ್ಲೈಂಡ್ ಬದಿಗಿಟ್ಟರೆ ಆ ಕಾಲ್‌ಗೆ ನಿಮಗೆ ಬೇಕಾದದ್ದು 63%. ಸಣ್ಣ ಜೋಡಿ ಹಿಡಿದು ‘ಅರ್ಧಕ್ಕರ್ಧ ಚಾನ್ಸ್ ಇದೆಯಲ್ಲ’ ಅಂತ ಹೋಗುವವರು ಇಲ್ಲೇ ಮುಗ್ಗರಿಸುತ್ತಾರೆ. ಟೂರ್ನಿ ಆಡುವವರು ಈ ಲೆಕ್ಕಕ್ಕೆ ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಅನ್ನುತ್ತಾರೆ.

ಇಲ್ಲೂ ಮೊದಲು ಯಾರು ದೂಡಿದರು ಅನ್ನುವುದೇ ಬಂತು. ನೀವು ದೂಡಿದರೆ ಆ 63%ರ ಹೊರೆ ಎದುರಿನವರ ತಲೆ ಮೇಲೆ ಬೀಳುತ್ತದೆ. ಆದರೆ ಮೇಜಿನಲ್ಲಿ ನಿಮಗಿಂತ ಬಹಳ ಕಡಿಮೆ ಚಿಪ್ಸ್ ಇರುವವರು ಇಬ್ಬರಿದ್ದಾರೆ, ನಿಮ್ಮ ಹಿಂದೆ ದೊಡ್ಡ ರಾಶಿಯವರು ಕೂತಿದ್ದಾರೆ ಅಂದರೆ, ಎಕ್ಕ-ಏಳನ್ನು ನಾನೂ ಬಿಡುತ್ತಿದ್ದೆ. ಆ ಇಬ್ಬರು ಮೊದಲು ಔಟಾಗಲಿ ಅಂತ ಕಾಯುವುದಕ್ಕೆ ಅಲ್ಲಿ ಅರ್ಥವಿದೆ. ನಿಮ್ಮ ವಿಷಯದಲ್ಲಿ ಹಾಗಿರಲಿಲ್ಲ ಅಂತ ಕಾಣುತ್ತದೆ: ಒಟ್ಟು 40,000ಕ್ಕೆ ಐದು ಜನ, ಸರಾಸರಿ 8,000, ನಿಮ್ಮದು ಅದಕ್ಕಿಂತ ಎಷ್ಟೋ ಕೆಳಗೆ. ನಿಮಗಿಂತ ಮೊದಲು ಔಟಾಗುವವರು ಕಣ್ಣಿಗೆ ಕಾಣದಿದ್ದಾಗ ಕಾಯುವುದು ಯಾರಿಗಾಗಿ?

ಫ್ಲಶ್ ವಿಷಯ ಸುಲಭ. ಒಂದೇ ಜಾತಿಯ ನಾಲ್ಕು ಎಲೆ ಕಾಣುತ್ತಿವೆ, ಐದನೆಯದು ಬೇಕು. ಉಳಿದಿರುವುದು ಒಂಬತ್ತು. ಫ್ಲಾಪ್, ಅಂದರೆ ಮೇಜಿನ ಮೇಲಿನ ಮೊದಲ ಮೂರು ಎಲೆ, ಬಿದ್ದ ಮೇಲೆ, ಇನ್ನೂ ಎರಡು ಎಲೆ ಬರಬೇಕಿದ್ದರೆ ಸಂಭವ 35%. ಒಂದೇ ಎಲೆ ಬಾಕಿ ಇದ್ದರೆ 20%ಕ್ಕೂ ಚೂರು ಕಡಿಮೆ. ಮೇಜಿನಲ್ಲಿ ಕೂತು ಲೆಕ್ಕ ಹಾಕಲು ಬೇಕಾದ ಎಲೆಗಳನ್ನು ಎರಡು ಎಲೆ ಬಾಕಿ ಇದ್ದಾಗ ನಾಲ್ಕರಿಂದ, ಒಂದು ಬಾಕಿ ಇದ್ದಾಗ ಎರಡರಿಂದ ಗುಣಿಸಿ, ಸಾಕಷ್ಟು ಹತ್ತಿರ ಬರುತ್ತದೆ. ಪಾಟ್‌ನಲ್ಲಿ 3,000 ಇದೆ, ಎದುರಿನವರು 3,000 ಆಲ್ ಇನ್ ಅಂದರು: ನೀವು 3,000 ಹಾಕಿ 9,000ದ ಪಾಟ್‌ಗೆ ಕೈಚಾಚುತ್ತೀರಿ, 33% ಬೇಕು. ಫ್ಲಾಪ್‌ನಲ್ಲಿ ಕೂದಲೆಳೆಯಷ್ಟು ಲಾಭ, ಅಂಕದ ಗಡಿಯಲ್ಲಿದ್ದರೆ ಅದೂ ಇಲ್ಲ. ನಾಲ್ಕನೆಯ ಎಲೆ ಬಿದ್ದು ಫ್ಲಶ್ ಆಗದಿದ್ದರೆ ಕಾಲ್ ಮಾಡಲೇಬೇಡಿ. ಅದೇ ಎಲೆ ಹಿಡಿದು ನೀವೇ ಮೊದಲು ದೂಡಿದರೆ ಎದುರಿನವರು ಬಿಡುವ ಸಂಭವವೂ ಆ 35%ರ ಜೊತೆ ಸೇರಿಕೊಳ್ಳುತ್ತದೆ.

ಕೊನೆಯ ಪ್ರಶ್ನೆ, ಮೊಬೈಲ್‌ನಲ್ಲಿ ಹಣ ಇಟ್ಟು ಆಡುವುದು. ಬೇಡ. ಪಾಂಡವಪುರ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಈ ಲೆಕ್ಕವನ್ನೆಲ್ಲ ಉಳಿದವರಿಗಿಂತ ಚುರುಕಾಗಿ ಕಲಿತಿದ್ದ. ಅಪ್ಪನ ಕಬ್ಬಿನ ಬಿಲ್ಲು ಬಂದಿದ್ದ ಖಾತೆ ಅವನ ಫೋನ್‌ಗೆ ಸೇರಿತ್ತು. ಕಲಿಯಲು ಅಂತ ಸಣ್ಣದಾಗಿ ಶುರು ಮಾಡಿದ. ಆರು ವಾರದಲ್ಲಿ ಆ ಖಾತೆ ಖಾಲಿಯಾಯಿತು. ಒಂದು ಸಂಜೆ ನಮ್ಮ ಮನೆ ಜಗಲಿ ಮೇಲೆ ಕೂತು ಫೋನ್ ತೆರೆದು ತೋರಿಸಿದ: ಮಧ್ಯರಾತ್ರಿ ಎರಡು ಗಂಟೆ, ಮೂರು ಗಂಟೆ, ಒಂದೊಂದೂ ಹಿಂದಿನದ್ದನ್ನು ವಾಪಸ್ ತರಲು ಹಾಕಿದ ಹಣ. ಆ ರಾತ್ರಿಗಳಲ್ಲಿ ಅವನು ಒಂದೇ ಒಂದು ಸಲವೂ ಲೆಕ್ಕ ಮಾಡಿರಲಿಲ್ಲ. ನಾನು ಕಲಿಸಿದ್ದನ್ನೇ ನಂಬಿ ಅವನು ಅಲ್ಲಿಗೆ ಹೋದ ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ. ಕಲಿಯುವುದಕ್ಕೆ ತಣ್ಣನೆಯ ತಲೆ ಬೇಕು. ಮನೆಯ ಹಣ ಹೋಗುತ್ತಿರುವಾಗ ಅದು ಯಾರಿಗೂ ಇರುವುದಿಲ್ಲ.

ಕಾನೂನೂ ಈಗ ಸ್ಪಷ್ಟವಾಗಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ಕೌಶಲದ್ದು, ಅದೃಷ್ಟದ್ದು ಅಂತ ನೋಡದೆ ನಿಷೇಧಿಸಿದೆ. ಇವತ್ತು ನಿಮ್ಮ ಗೆಳೆಯನಿಗೆ ಯಾರಾದರೂ ಲಿಂಕ್ ಕಳಿಸಿ ಆಡಿಸುತ್ತಿದ್ದರೆ, ಹಾಕಿದ ಹಣಕ್ಕೆ ಅಲ್ಲಿ ಹೇಳುವವರು ಕೇಳುವವರು ಇಲ್ಲ. ಅವನು ಆಗಲೇ ಹಣ ಹಾಕಿದ್ದು, ನಿಲ್ಲಿಸಲು ಆಗುತ್ತಿಲ್ಲ ಅಂದರೆ 14416ಕ್ಕೆ, ಟೆಲಿ ಮಾನಸ್ ಸಹಾಯವಾಣಿಗೆ, ಫೋನ್ ಮಾಡಿಸಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೇಳುವುದಿಲ್ಲ. ನಿಮ್ಮ ಮಹಡಿ ಮೇಲಿನ ಆಟ ಅಂಕಕ್ಕೆ, ಕಪ್‌ಗೆ ನಡೆಯುತ್ತಿದೆ. ಅದು ಹಾಗೇ ಇರಲಿ.

ಕಲಿಯಲು ಒಂದು ಕಟ್ಟು ಇಸ್ಪೀಟು, ಒಂದು ಹಿಡಿ ಹುಣಸೆ ಬೀಜ ಸಾಕು. ಎಕ್ಕ-ಏಳು ನಿಮ್ಮ ಮುಂದಿಟ್ಟುಕೊಂಡು ಉಳಿದದ್ದನ್ನು ಕಲಸಿ, ಎರಡು ಜಾಗಕ್ಕೆ ಎರಡೆರಡು ಎಲೆ ಹಾಕಿ ತೆರೆಯಿರಿ. ಆರರ ಜೋಡಿಯಿಂದ ಮೇಲೆ, ಎಕ್ಕ-ಒಂಬತ್ತರಿಂದ ಮೇಲೆ, ಅಥವಾ ಹತ್ತರಿಂದ ಮೇಲಿನ ಎರಡು ಎಲೆ, ಇವಿದ್ದರೆ ಕಾಲ್, ಇಲ್ಲದಿದ್ದರೆ ಪ್ಯಾಕ್. ಇಬ್ಬರೂ ಪ್ಯಾಕ್ ಆದರೆ ಎಡಗಡೆ ಒಂದು ಬೀಜ. ಕಾಲ್ ಬಿದ್ದರೆ ಐದು ಎಲೆ ಹಾಕಿ ನೋಡಿ: ಗೆದ್ದರೆ ನಡುವೆ, ಸೋತರೆ ಬಲಗಡೆ ಒಂದು ಬೀಜ. ಐವತ್ತು ಸಲ ಹಾಕುವುದಕ್ಕೆ ಒಂದು ಗಂಟೆ ಹಿಡಿಯಬಹುದು. ಮೂರೂ ರಾಶಿ ಎಣಿಸಿ ನನಗೆ ಬರೆದು ಕಳಿಸಿ, ಸಾಧ್ಯವಾದರೆ ನಿಮ್ಮ ಅಣ್ಣನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವರ ಕೈಯಲ್ಲೇ ಎಲೆ ಹಾಕಿಸಿ.